ತೆಗೆದರೂ ಮತ್ತೆ ಬರುವ ಸಾಫ್ಟ್‌ವೇರ್: ನಿಧಾನವಾದ ಮನೆ ಕಂಪ್ಯೂಟರಿನಲ್ಲಿ ದೋಷ ಹುಡುಕುವ ಬಗೆ

ಕಂಪ್ಯೂಟರ್ ಸ್ಲೋ ಆಗಿದೆ ಎಂದು ಬೆಂಗಳೂರಿನ ಯಾವ ಬಡಾವಣೆಯ ಅಂಗಡಿಗೆ ಒಯ್ದರೂ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್." ಹೊಡೆದರೆ ಕಾಟ ಹೋಗುತ್ತದೆ, ನಿಜ. ಅದರ ಜೊತೆಗೆ ಟ್ಯಾಲಿ ಲೆಕ್ಕ, ಡಿಜಿಟಲ್ ಸಹಿಯ ಟೋಕನ್‌ಗೆ ಹಾಕಿದ್ದ ಡ್ರೈವರ್, ನುಡಿ ಫಾಂಟುಗಳು, ಯಾರೂ ಬ್ಯಾಕಪ್ ತೆಗೆದಿಡದ ಮಕ್ಕಳ ಫೋಟೊಗಳು ಕೂಡ ಹೋಗುತ್ತವೆ. ಮನೆ ಕಂಪ್ಯೂಟರಿನಲ್ಲಿ ಬಂದು ಕೂರುವ ಬೇಡದ ಸಾಫ್ಟ್‌ವೇರುಗಳಲ್ಲಿ ಬಹುಪಾಲನ್ನು ಫಾರ್ಮ್ಯಾಟ್ ಇಲ್ಲದೆ, ಕಾಸು ಕೊಡದೆ, ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದು. ಆದರೆ ಹುಡುಕುವ ಜಾಗ ಸರಿಯಿರಬೇಕು. ಬಹಳಷ್ಟು ಜನ ಕಣ್ಣಿಗೆ ಕಾಣುವ ಪ್ರೋಗ್ರಾಮನ್ನು ಅಳಿಸುತ್ತಾರೆ, ಅದನ್ನು ಪ್ರತಿಸಲ ಎಬ್ಬಿಸುವ ವ್ಯವಸ್ಥೆಯನ್ನು ಹಾಗೇ ಬಿಡುತ್ತಾರೆ. ಮರುದಿನ ಅದು ಮತ್ತೆ ಹಾಜರ್.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನುಗಳ ಹೆಸರು ಅಲ್ಲಲ್ಲಿ ಸ್ವಲ್ಪ ಬೇರೆ ಇರಬಹುದು.

ಮೊದಲ ಪ್ರಶ್ನೆ: ಇದು ಸಾಫ್ಟ್‌ವೇರ್ ಕಾಟವೇ ಹೌದೇ?

ಕಂಪ್ಯೂಟರ್ ಆನ್ ಮಾಡಿ, ಏನನ್ನೂ ತೆರೆಯದೆ ಹತ್ತು ನಿಮಿಷ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಾಲಮ್‌ಗಳ ತಲೆಯ ಮೇಲೆ ಒಂದೊಂದಾಗಿ ಕ್ಲಿಕ್ ಮಾಡಿ, ಯಾರು ಮೇಲೆ ಕೂತಿದ್ದಾರೆ ನೋಡಿ.

ಡಿಸ್ಕ್ ಕಾಲಮ್ 100 ಶೇಕಡಾದಲ್ಲೇ ನಿಂತಿದ್ದರೆ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಅಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ (ತಟ್ಟೆ ತಿರುಗುವ ಹಳೆಯ ಬಗೆ) ಎಂದಿದೆಯೋ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಬಗೆ) ಎಂದಿದೆಯೋ ಕಾಣುತ್ತದೆ. ಎಚ್‌ಡಿಡಿ ಆಗಿದ್ದರೆ ಎಷ್ಟೇ ಗುಡಿಸಿದರೂ ಆ ಯಂತ್ರ ಚುರುಕಾಗುವುದು ಕಷ್ಟ. ಈಗಿನ ವಿಂಡೋಸ್‌ಗೆ ತಿರುಗುವ ಡಿಸ್ಕ್ ಸಾಲದು. ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರೋಡಿಗೆ ಹೋಗಿ ಒಂದು ಸಾಟಾ ಎಸ್‌ಎಸ್‌ಡಿ ತಂದು ಹಾಕಿಸುವುದೇ ಸರಿಯಾದ ರಿಪೇರಿ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನೂ ಅದೇ ಓಡಾಟದಲ್ಲಿ ವಿಚಾರಿಸಿ.

"ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್" ಎಂಬುದು ಮೇಲೆ ಕಂಡರೆ ಹೆದರಬೇಡಿ, ಅದು ವಿಂಡೋಸ್‌ನದೇ ಡಿಫೆಂಡರ್. ವಿಂಡೋಸ್ ಅಪ್‌ಡೇಟ್ ಕೂಡ ಬಹಳ ದಿನ ಆಫ್ ಇದ್ದ ಯಂತ್ರದಲ್ಲಿ ಗಂಟೆಗಟ್ಟಲೆ ಓಡುತ್ತದೆ. ಒಂದು ರಾತ್ರಿ ಆನ್ ಮಾಡಿಟ್ಟು ಅದರ ಕೆಲಸ ಮುಗಿಯಲು ಬಿಡಿ. ಒಂದರ ಮೇಲೊಂದು ಆಂಟಿವೈರಸ್ ಇದ್ದರೆ, ಅದರಲ್ಲೂ ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದ ಟ್ರಯಲ್ ಇದ್ದರೆ, ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎರಡೂ ಪ್ರತಿ ಫೈಲನ್ನೂ ಪರೀಕ್ಷಿಸುತ್ತ ಕೂತರೆ ಯಂತ್ರ ಏಳುವುದಿಲ್ಲ. ಇಂಥ ಆಂಟಿವೈರಸ್ ಸಾಮಾನ್ಯ ದಾರಿಯಲ್ಲಿ ಹೋಗದಿದ್ದರೆ, ಆಯಾ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಬಳಸಿ. ದೊಡ್ಡ ಕಂಪನಿಗಳೆಲ್ಲ ಅದನ್ನು ಉಚಿತವಾಗಿ ಕೊಡುತ್ತವೆ.

ಧೂಳನ್ನು ಮರೆಯಬೇಡಿ. ರಸ್ತೆ ಪಕ್ಕದ ಮನೆಯ ಲ್ಯಾಪ್‌ಟಾಪ್ ಫ್ಯಾನಿನಲ್ಲಿ ಒಂದೆರಡು ವರ್ಷಕ್ಕೆ ಹತ್ತಿಯಂತೆ ಧೂಳು ಕಟ್ಟಿರುತ್ತದೆ. ಬಿಸಿ ಹೆಚ್ಚಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಕೆಲಸದ ಹೊತ್ತಿನ ಸ್ಪೀಡ್, ಅಲ್ಲೇ ಬರೆದಿರುವ ಬೇಸ್ ಸ್ಪೀಡ್‌ಗಿಂತ ಬಹಳ ಕೆಳಗೆ ಬಿದ್ದಿದ್ದರೆ ಮೊದಲು ಫ್ಯಾನ್ ಕ್ಲೀನ್ ಮಾಡಿಸಿ.

ಇವು ಯಾವುವೂ ಅಲ್ಲ, ಆದರೆ ಬ್ರೌಸರಿನ ಹೋಮ್‌ಪೇಜ್ ತಾನೇ ಬದಲಾಗಿದೆ, ಬಲಮೂಲೆಯಲ್ಲಿ ಜಾಹೀರಾತು ಪುಟಿಯುತ್ತಿದೆ, "ನಿಮ್ಮ ಪಿಸಿಯಲ್ಲಿ ಸಾವಿರಾರು ದೋಷಗಳಿವೆ, ಈಗಲೇ ಸರಿಪಡಿಸಿ" ಎಂದು ಯಾವುದೋ ಕ್ಲೀನರ್ ಕಾಡುತ್ತಿದೆ ಎಂದಾದರೆ ನೀವು ಸರಿಯಾದ ಕೈಪಿಡಿಯನ್ನೇ ಓದುತ್ತಿದ್ದೀರಿ. ಇನ್ನೊಂದು ಲಕ್ಷಣವಿದೆ: ಸುಮ್ಮನೆ ಬಿಟ್ಟಾಗ ಫ್ಯಾನ್ ಜೋರಾಗಿ ತಿರುಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಶಾಂತವಾಗುತ್ತದೆ. ಕದ್ದು ಕ್ರಿಪ್ಟೊ ಗಣಿಗಾರಿಕೆ ಮಾಡುವ ಕೆಲವು ಪ್ರೋಗ್ರಾಮುಗಳು ಟಾಸ್ಕ್ ಮ್ಯಾನೇಜರ್ ತೆರೆದದ್ದನ್ನು ಗಮನಿಸಿ ಕೆಲಸ ನಿಲ್ಲಿಸುತ್ತವೆ.

ಪರದೆ ತುಂಬ ಕೆಂಪು ಎಚ್ಚರಿಕೆ ಬಂದು ಫೋನ್ ನಂಬರ್ ತೋರಿಸಿದರೆ ಅದು ಮೋಸ. ಮೈಕ್ರೋಸಾಫ್ಟ್‌ನ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಆ ನಂಬರಿಗೆ ಕರೆ ಮಾಡಿ ಯಾರಿಗಾದರೂ ಕಂಪ್ಯೂಟರಿನ ಹಿಡಿತ ಕೊಟ್ಟಿದ್ದರೆ, ಹಣ ಕಳೆದಿದ್ದರೆ, ಸಾಫ್ಟ್‌ವೇರ್ ತೆಗೆಯುವುದು ಆಮೇಲಿನ ಮಾತು. ಮೊದಲು ನೆಟ್ ಕಿತ್ತುಹಾಕಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಈ ವಿಷಯದಲ್ಲಿ ತಡ ಮಾಡಬಾರದು.

ಕೈ ಹಾಕುವ ಮುನ್ನ

ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲಿಸಿ. ಫೋಟೊ, ದಾಖಲೆ, ಲೆಕ್ಕ ಇಷ್ಟೇ. ಡೌನ್‌ಲೋಡ್ಸ್ ಫೋಲ್ಡರಿನ ಸೆಟಪ್ ಫೈಲುಗಳನ್ನು ಒಯ್ಯಬೇಡಿ, ಕಾಟ ಅಲ್ಲಿಂದಲೇ ಬಂದಿರಬಹುದು. ಏನಾದರೂ ಕೆಟ್ಟರೆ ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ಮರಳಿಸಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಿ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಿ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಮನೆಯವರಿಗೇ ಗೊತ್ತಿರುವುದಿಲ್ಲ. ಸೇಫ್ ಮೋಡಿಗೆ (ವಿಂಡೋಸ್‌ನ ಅತ್ಯಗತ್ಯ ಭಾಗಗಳಷ್ಟೇ ಏಳುವ ಸ್ಥಿತಿಗೆ) ಹೋಗುವಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆಗ ಹುಡುಕುತ್ತ ಕೂರುವ ಬದಲು, ಮುಂಚೆಯೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ ಆ ಕೀ ಬರೆದಿಟ್ಟುಕೊಳ್ಳಿ. ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಲ್ಲದಂತೆ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಮೇಲಿರಲಿ.

ತಾರೀಖು ಹಿಡಿದು ಹುಡುಕಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆದು, ಹೆಸರಿನ ಬದಲು ಇನ್‌ಸ್ಟಾಲ್ ಆದ ದಿನದ ಪ್ರಕಾರ ಜೋಡಿಸಿ. ನನ್ನ ಅನುಭವದಲ್ಲಿ ಇಡೀ ಪತ್ತೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಬೇಡದ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಒಂದು ಪಿಡಿಎಫ್ ಪರಿವರ್ತಕದ ಸೆಟಪ್ ಒಳಗೆ ಒಂದು ಬ್ರೌಸರ್, ಒಂದು ಡ್ರೈವರ್ ಅಪ್‌ಡೇಟರ್, ಒಂದು ಹವಾಮಾನ ವಿಜೆಟ್ ಸೇರಿಸಿ ಕಳಿಸಿರುತ್ತಾರೆ. "ನೆಕ್ಸ್ಟ್, ನೆಕ್ಸ್ಟ್" ಎಂದು ಒತ್ತುತ್ತ ಹೋದವರು ಎಲ್ಲಕ್ಕೂ ಒಪ್ಪಿಗೆ ಕೊಟ್ಟಂತೆ.

ವಿಜಯನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕಂಪ್ಯೂಟರ್ ನೋಡುತ್ತಿದ್ದೆ. "ನೋಡಪ್ಪಾ, ನಾನು ನುಡಿ ಒಂದು ಹಾಕ್ಕೊಂಡಿದ್ದು ಬಿಟ್ರೆ ಬೇರೇನೂ ಮುಟ್ಟಿಲ್ಲ" ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ದಿನದ ಪ್ರಕಾರ ಜೋಡಿಸಿ ತೋರಿಸಿದೆ: "ಸಾರ್, ನುಡಿ ಬಂದ ದಿನವೇ ಇನ್ನೂ ನಾಲ್ಕು ಬಂದಿವೆ ನೋಡಿ." ಹುಡುಕಾಟದಲ್ಲಿ ಮೊದಲು ಸಿಕ್ಕ ಯಾವುದೋ ಡೌನ್‌ಲೋಡ್ ತಾಣ, ಅಲ್ಲಿ ದೊಡ್ಡದಾಗಿದ್ದ ಹಸಿರು ಬಟನ್, ಅದನ್ನು ಒತ್ತಿದ್ದಾರೆ. ಆ ಬಟನ್ ಜಾಹೀರಾತಿನದು. ನಿಜವಾದ ಕೊಂಡಿ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕನ್ನಡ ಟೈಪ್ ಮಾಡಬೇಕೆಂಬ ಆಸೆಯಿಂದ ಬಂದವರನ್ನು ಹೀಗೆ ಬಲೆಗೆ ಕೆಡವುವುದು ನನಗೆ ತುಂಬ ಬೇಸರ ತರಿಸುತ್ತದೆ. ಕೇವಲ ಯೂನಿಕೋಡ್ ಟೈಪಿಂಗ್ ಸಾಕೆಂದರೆ ವಿಂಡೋಸ್‌ನೊಳಗೇ ಕನ್ನಡ ಕೀಬೋರ್ಡ್ ಇದೆ, ಭಾಷೆಯ ಸೆಟ್ಟಿಂಗಿನಲ್ಲಿ ಸೇರಿಸಿಕೊಂಡರಾಯಿತು. ಏನನ್ನೂ ಇಳಿಸಬೇಕಾಗಿಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಅನುಮಾನದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ "ಓಪನ್ ಫೈಲ್ ಲೊಕೇಶನ್" ಆರಿಸಿ. ಹೆಸರು ಸುಳ್ಳು ಹೇಳಬಹುದು, ಜಾಗ ಅಷ್ಟು ಸುಲಭವಾಗಿ ಹೇಳುವುದಿಲ್ಲ. ವಿಂಡೋಸ್ ತನ್ನ ಹಿನ್ನೆಲೆ ಸೇವೆಗಳನ್ನು ಓಡಿಸಲು ಬಳಸುವ ಎಸ್‌ವಿಸಿಹೋಸ್ಟ್ (svchost) ಇರುವುದು ಸಿಸ್ಟಮ್32 ಫೋಲ್ಡರಿನಲ್ಲಿ. ಅದೇ ಹೆಸರಿನ ಫೈಲು ಆ್ಯಪ್‌ಡೇಟಾ, ಪ್ರೋಗ್ರಾಮ್‌ಡೇಟಾ ಅಥವಾ ಟೆಂಪ್ ಫೋಲ್ಡರಿನೊಳಗೆ ಸಿಕ್ಕರೆ ಅದು ವೇಷ ಹಾಕಿದೆ ಎಂದರ್ಥ. ಆದರೆ ಆ್ಯಪ್‌ಡೇಟಾದಲ್ಲಿ ಇರುವುದೆಲ್ಲ ಕೆಟ್ಟದ್ದಲ್ಲ, ಎಷ್ಟೋ ಒಳ್ಳೆಯ ಆ್ಯಪ್‌ಗಳೂ ಅಲ್ಲೇ ಇರುತ್ತವೆ. ದಿನ, ಜಾಗ, ಪಬ್ಲಿಷರ್ ಹೆಸರು ಮೂರನ್ನೂ ಕೂಡಿಸಿ ತೀರ್ಮಾನಿಸಿ.

ಯಾರು ಎಬ್ಬಿಸುತ್ತಿದ್ದಾರೆ?

ಸಂಪಿನ ಮೋಟರ್‌ಗೆ ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿದ ಮನೆಯಲ್ಲಿ ಮೋಟರ್ ಆಫ್ ಮಾಡಿದರೆ ಏನಾಗುತ್ತದೆ? ಟ್ಯಾಂಕಿನ ನೀರು ಇಳಿದ ಕೂಡಲೇ ಕಂಟ್ರೋಲರ್ ಅದನ್ನು ಮತ್ತೆ ಆನ್ ಮಾಡುತ್ತದೆ. ಹಟಮಾರಿ ಸಾಫ್ಟ್‌ವೇರಿನದೂ ಇದೇ ಕತೆ. ಮೋಟರನ್ನಲ್ಲ, ಕಂಟ್ರೋಲರನ್ನು ಹುಡುಕಬೇಕು. ವಿಂಡೋಸ್‌ನಲ್ಲಿ ಅದು ಕೂರುವ ಮುಖ್ಯ ಜಾಗಗಳು ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಸರ್ವಿಸಸ್, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆಯ) ರನ್ ಕೀಲಿಗಳು ಮತ್ತು ಬ್ರೌಸರ್.

ಒಂದೊಂದನ್ನೇ ತೆರೆದು ನೋಡಬಹುದು. ಆದರೆ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತೋರಿಸುವ ಆಟೋರನ್ಸ್ ಎಂಬ ಉಚಿತ ಸಾಧನವಿದೆ. ಇದು ಸಿಸ್‌ಇಂಟರ್ನಲ್ಸ್ ಕಟ್ಟಿನದು. 1996ರಲ್ಲಿ ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರುಮಾಡಿದ ಈ ಕಟ್ಟನ್ನು 2006ರಲ್ಲಿ ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡಿತು. ಆದ್ದರಿಂದ ಮೈಕ್ರೋಸಾಫ್ಟ್ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ತೆರೆದು, ಆಪ್ಶನ್ಸ್‌ನಲ್ಲಿ "ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್" ಆನ್ ಮಾಡಿದರೆ ನೂರಾರು ಸಾಲು ಕರಗಿ ನೋಡಬಹುದಾದಷ್ಟು ಉಳಿಯುತ್ತವೆ. ಹಳದಿ ಸಾಲು ಎಂದರೆ ಫೈಲು ಈಗ ಇಲ್ಲ, ಅದನ್ನು ಎಬ್ಬಿಸುವ ನಮೂದು ಮಾತ್ರ ಉಳಿದಿದೆ. ನಸುಗೆಂಪು ಎಂದರೆ ಪಬ್ಲಿಷರ್ ಯಾರೆಂದು ಖಚಿತವಿಲ್ಲ. ನಸುಗೆಂಪು ಕಂಡದ್ದೆಲ್ಲ ಕಳ್ಳ ಎನ್ನಬೇಡಿ. ಹಳೆಯ ಪ್ರಿಂಟರ್ ಡ್ರೈವರ್, ಹಳೆಯ ಕನ್ನಡ ತಂತ್ರಾಂಶ, ಟೋಕನ್ ಡ್ರೈವರ್‌ಗಳಿಗೂ ಸಹಿ ಇಲ್ಲದಿರಬಹುದು.

ಇಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಿ: ಡಿಲೀಟ್ ಬೇಡ, ಟಿಕ್ ತೆಗೆಯಿರಿ. ಟಿಕ್ ತೆಗೆದರೆ ಅದು ಏಳುವುದಿಲ್ಲ. ಏನಾದರೂ ಕೆಟ್ಟರೆ ಟಿಕ್ ಹಾಕಿ ವಾಪಸ್ ತರಬಹುದು.

ತೆಗೆಯುವ ಕೆಲಸ

ಬೇಕಾದ ಸಾಧನಗಳನ್ನು ಇಳಿಸಿಕೊಂಡ ಮೇಲೆ ವೈಫೈ ಆಫ್ ಮಾಡಿ. ಒಂದನ್ನು ಅಳಿಸುತ್ತಿರುವಾಗ ಇನ್ನೊಂದು ಅದನ್ನು ಮತ್ತೆ ಇಳಿಸಿಕೊಳ್ಳದಿರಲಿ. ಮೊದಲು ಸಾಮಾನ್ಯ ಅನ್‌ಇನ್‌ಸ್ಟಾಲ್ ದಾರಿಯನ್ನೇ ಹಿಡಿಯಿರಿ, ಅವಸರ ಮಾಡದೆ. ಈ ಪ್ರೋಗ್ರಾಮುಗಳ ಅನ್‌ಇನ್‌ಸ್ಟಾಲ್ ಕಿಟಕಿಯಲ್ಲಿ "ಇಟ್ಟುಕೊಳ್ಳಿ" ಎಂಬುದು ದೊಡ್ಡ ಬಣ್ಣದ ಬಟನ್ ಆಗಿಯೂ "ತೆಗೆಯಿರಿ" ಎಂಬುದು ಬೂದು ಬಣ್ಣದ ಸಣ್ಣ ಅಕ್ಷರವಾಗಿಯೂ ಇರುತ್ತದೆ. ಮುಂದಿನ ಪುಟದಲ್ಲಿ ಜಾಗ ಅದಲುಬದಲು. ಪ್ರತಿ ಸಾಲನ್ನೂ ಓದಿ ಒತ್ತಿ.

ಅನ್‌ಇನ್‌ಸ್ಟಾಲ್ ನಡುವೆಯೇ ದೋಷ ತೋರಿಸಿ ನಿಂತರೆ, ಮೈಕ್ರೋಸಾಫ್ಟ್‌ನ "ಪ್ರೋಗ್ರಾಮ್ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್" ಓಡಿಸಿ. ರಿಜಿಸ್ಟ್ರಿಯಲ್ಲಿ ಕೆಟ್ಟ ದಾಖಲೆ ಇದ್ದು ತಡೆಯುತ್ತಿದ್ದರೆ ಅದನ್ನು ಸರಿಪಡಿಸುತ್ತದೆ.

"ಫೈಲ್ ಬಳಕೆಯಲ್ಲಿದೆ, ಅಳಿಸಲಾಗದು" ಎನ್ನುವುದು ಮುಂದಿನ ತೊಡಕು. ಟಾಸ್ಕ್ ಮ್ಯಾನೇಜರಿನಲ್ಲಿ ಕೊಂದರೆ ಕ್ಷಣದಲ್ಲಿ ಮತ್ತೆ ಹುಟ್ಟುತ್ತದೆ. ಇದರರ್ಥ ಎರಡು ಪ್ರೋಗ್ರಾಮುಗಳು ಒಂದನ್ನೊಂದು ಕಾಯುತ್ತಿವೆ, ಒಂದು ಸತ್ತರೆ ಇನ್ನೊಂದು ಎಬ್ಬಿಸುತ್ತದೆ. ಇದಕ್ಕೆ ಅದೇ ಸಿಸ್‌ಇಂಟರ್ನಲ್ಸ್ ಕಟ್ಟಿನ ಪ್ರಾಸೆಸ್ ಎಕ್ಸ್‌ಪ್ಲೋರರ್ ಬೇಕು. ಅದರಲ್ಲಿ ಎರಡನ್ನೂ ಮೊದಲು "ಸಸ್ಪೆಂಡ್" ಮಾಡಿ. ಸಸ್ಪೆಂಡ್ ಆದದ್ದು ಸತ್ತಿಲ್ಲವಾದ್ದರಿಂದ ಜೊತೆಗಾರನಿಗೆ ಅನುಮಾನ ಬರುವುದಿಲ್ಲ. ಎರಡೂ ಅಲುಗಾಡದೆ ನಿಂತ ಮೇಲೆ ಒಂದೊಂದಾಗಿ "ಕಿಲ್" ಮಾಡಿ, ಕೂಡಲೇ ಆಟೋರನ್ಸ್‌ನಲ್ಲಿ ಟಿಕ್ ತೆಗೆದು, ಫೋಲ್ಡರ್ ಅಳಿಸಿ. ಅಂಗಡಿಯವರು ಕೈಬಿಟ್ಟ ಎಷ್ಟೋ ಪ್ರೋಗ್ರಾಮುಗಳು ಈ ಒಂದು ಉಪಾಯಕ್ಕೆ ಮಣಿಯುತ್ತವೆ.

ಅಷ್ಟಕ್ಕೂ ಜಗ್ಗದಿದ್ದರೆ ಸೇಫ್ ಮೋಡ್. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿ 4 ಒತ್ತಿ. ಇಲ್ಲಿ ಹೊರಗಿನ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಏಳುವುದಿಲ್ಲ, ಆದ್ದರಿಂದ ಅವುಗಳ ಫೋಲ್ಡರ್ ಅಳಿಸಬಹುದು. ಒಂದು ಮಿತಿ ಇದೆ: ವಿಂಡೋಸ್ ಇನ್‌ಸ್ಟಾಲರ್ ಸೇವೆಯೂ ಸೇಫ್ ಮೋಡಿನಲ್ಲಿ ಓಡುವುದಿಲ್ಲ, ಹಾಗಾಗಿ ಆ ಸೇವೆಯ ಮೂಲಕ ಇನ್‌ಸ್ಟಾಲ್ ಆದ (ಎಂಎಸ್‌ಐ ಬಗೆಯ) ಪ್ರೋಗ್ರಾಮುಗಳನ್ನು ಅಲ್ಲಿ ಅನ್‌ಇನ್‌ಸ್ಟಾಲ್ ಮಾಡಲಾಗದು. ಅದಕ್ಕೇ ಸಾಮಾನ್ಯ ಅನ್‌ಇನ್‌ಸ್ಟಾಲ್ ಮೊದಲು, ಸೇಫ್ ಮೋಡ್ ಆಮೇಲೆ.

ಇದಾದ ಮೇಲೆ ಸ್ಕ್ಯಾನ್. ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ "ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಇದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಅಡಗಿದ್ದದ್ದು ಸಿಗುತ್ತದೆ. ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಜಾಹೀರಾತು ಬಗೆಯ ಕಾಟಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆ್ಯಡ್‌ಡಬ್ಲ್ಯೂಕ್ಲೀನರ್ ಚೆನ್ನಾಗಿದೆ, ಇನ್‌ಸ್ಟಾಲ್ ಮಾಡದೆಯೇ ಓಡುತ್ತದೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಬಾಟ್ (ಕಂಪ್ಯೂಟರನ್ನು ದೂರದಿಂದ ಬೇರೆಯವರ ಹಿಡಿತಕ್ಕೆ ಕೊಡುವ ಕಳ್ಳ ಪ್ರೋಗ್ರಾಮ್) ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ.

ಸ್ಕ್ಯಾನ್ ಏನೂ ಸಿಗಲಿಲ್ಲ ಎಂದರೆ ನಂಬುವ ಮುನ್ನ ಡಿಫೆಂಡರಿನ "ಎಕ್ಸ್‌ಕ್ಲೂಶನ್ಸ್" ಪಟ್ಟಿ ನೋಡಿ. ಮನೆ ಕಂಪ್ಯೂಟರಿನಲ್ಲಿ ಅದು ಖಾಲಿ ಇರಬೇಕು. ನಕಲಿ ವಿಂಡೋಸ್ ಅಥವಾ ಆಫೀಸನ್ನು ಆ್ಯಕ್ಟಿವೇಟ್ ಮಾಡುವ ಸಾಧನ ಹಾಕಿದವರು ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿ ಹೋಗಿರುವುದುಂಟು. ಆಗ ಡಿಫೆಂಡರ್ ಅತ್ತ ನೋಡುವುದೇ ಇಲ್ಲ. ಗೊತ್ತಿಲ್ಲದ ನಮೂದುಗಳನ್ನು ತೆಗೆದು ಮತ್ತೆ ಸ್ಕ್ಯಾನ್ ಮಾಡಿ. ಆ ಆ್ಯಕ್ಟಿವೇಟರ್‌ಗಳನ್ನೂ ತೆಗೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅವು ಇರಬಾರದು.

ಬ್ರೌಸರ್

ಎಷ್ಟೋ ಸಲ ವೈರಸ್ ಎಂದು ಕರೆದದ್ದು ಬರೀ ನೋಟಿಫಿಕೇಶನ್ ಆಗಿರುತ್ತದೆ. ಯಾವುದೋ ತಾಣ "ನೀವು ರೋಬಾಟ್ ಅಲ್ಲವೆಂದರೆ ಅಲೋ ಒತ್ತಿ" ಎಂದಿರುತ್ತದೆ, ಒತ್ತಿರುತ್ತೀರಿ. ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಗೊತ್ತಿಲ್ಲದ ತಾಣಗಳನ್ನೆಲ್ಲ ತೆಗೆದರೆ ಅಲ್ಲಿಗೆ ಮುಗಿಯಿತು.

ಎಕ್ಸ್‌ಟೆನ್ಶನ್ ಒಂದಕ್ಕೆ ರಿಮೂವ್ ಬಟನ್ನೇ ಇಲ್ಲದೆ, ಮೆನುವಿನ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದಿದ್ದರೆ ಗಮನ ಕೊಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಅದು ಸಹಜ, ಮುಟ್ಟಬೇಡಿ. ಸ್ವಂತ ಕಂಪ್ಯೂಟರಿನಲ್ಲಿ ಯಾವ ಸಂಸ್ಥೆ? ಕೆಲವು ಆಂಟಿವೈರಸ್‌ಗಳಿಂದಲೂ ಈ ಸಾಲು ಬರುತ್ತದೆ, ಅದಲ್ಲದಿದ್ದರೆ ಬೇಡದ ಸಾಫ್ಟ್‌ವೇರ್ ರಿಜಿಸ್ಟ್ರಿಯಲ್ಲಿ ಪಾಲಿಸಿ ಬರೆದಿದೆ. ರಿಜಿಸ್ಟ್ರಿ ಎಡಿಟರಿನಲ್ಲಿ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ದಾರಿಯಲ್ಲಿ, ಲೋಕಲ್ ಮಷೀನ್ ಮತ್ತು ಕರೆಂಟ್ ಯೂಸರ್ ಎರಡರಲ್ಲೂ ನೋಡಿ. "ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" ಎಂಬ ಕೀಲಿಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಉಳಿಸಿ, ಆಮೇಲೆ ಅಳಿಸಿ ಬ್ರೌಸರ್ ಮತ್ತೆ ತೆರೆಯಿರಿ. ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆಗೆದು, ಟಾರ್ಗೆಟ್ ಸಾಲಿನ ಕೊನೆಗೆ ಯಾವುದೋ ತಾಣದ ವಿಳಾಸ ಅಂಟಿಸಿದ್ದರೆ ಅದನ್ನೂ ಅಳಿಸಿ. ಕ್ರೋಮ್‌ನೊಳಗೆ ಇದ್ದ "ಕ್ಲೀನ್ ಅಪ್ ಕಂಪ್ಯೂಟರ್" ಸಾಧನವನ್ನು ಗೂಗಲ್ 2023ರಲ್ಲೇ ತೆಗೆದುಹಾಕಿದೆ, ಹಳೆಯ ವಿಡಿಯೊ ನೋಡಿ ಅದನ್ನು ಹುಡುಕಬೇಡಿ.

ಎಲ್ಲ ತೆಗೆದ ಮೇಲೆ ನೆಟ್ಟೇ ಬರುತ್ತಿಲ್ಲವೇ? ವೈಫೈ ಸಿಗ್ನಲ್ ಪೂರ್ತಿ ಇದೆ, ಪುಟ ಮಾತ್ರ ತೆರೆಯುವುದಿಲ್ಲ ಎಂದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟಕ್ಕೆ ಹೋಗಿ. ನೀವು ತೆಗೆದುಹಾಕಿದ ಸಾಫ್ಟ್‌ವೇರ್ ನಿಮ್ಮ ಸಂಪರ್ಕವನ್ನೆಲ್ಲ ತನ್ನ ಮೂಲಕ ಹಾಯುವಂತೆ, 127.0.0.1 ಎಂಬ (ನಿಮ್ಮದೇ ಕಂಪ್ಯೂಟರಿನ) ವಿಳಾಸಕ್ಕೆ ತಿರುಗಿಸಿಟ್ಟು ಹೋಗಿರಬಹುದು. "ಯೂಸ್ ಎ ಪ್ರಾಕ್ಸಿ ಸರ್ವರ್" ಆಫ್ ಮಾಡಿ.

ಯಾವಾಗ ಕೈಬಿಡಬೇಕು

ಡಿಫೆಂಡರ್ ಆನ್ ಆಗಲೊಪ್ಪುವುದಿಲ್ಲ, ಸ್ಕ್ಯಾನರ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಪಾಸ್‌ವರ್ಡ್ ಕದಿಯುವ ಟ್ರೋಜನ್ ಹೆಸರು ಸ್ಕ್ಯಾನಿನಲ್ಲಿ ಬಂದಿದೆ. ಈ ಮೂರರಲ್ಲಿ ಯಾವುದೇ ಒಂದಿದ್ದರೂ ಒಂದೊಂದೇ ಕೀಳುತ್ತ ಕೂರಬೇಡಿ. "ರಿಸೆಟ್ ದಿಸ್ ಪಿಸಿ" ಮಾಡಿ. ಜಾಹೀರಾತು ಕಾಟ ಮಾತ್ರ ಆಗಿದ್ದರೆ "ಕೀಪ್ ಮೈ ಫೈಲ್ಸ್" ಸಾಕು. ಅದು ಪ್ರೋಗ್ರಾಮುಗಳನ್ನು ತೆಗೆದು, ತೆಗೆದವುಗಳ ಪಟ್ಟಿಯನ್ನು ಡೆಸ್ಕ್‌ಟಾಪಿನಲ್ಲಿ ಇಡುತ್ತದೆ. ಟ್ರೋಜನ್ ಆಗಿದ್ದರೆ "ರಿಮೂವ್ ಎವ್ರಿಥಿಂಗ್" ಆರಿಸಿ, ವಿಂಡೋಸನ್ನು ನೆಟ್‌ನಿಂದ ಹೊಸದಾಗಿ ಇಳಿಸುವ ಕ್ಲೌಡ್ ಡೌನ್‌ಲೋಡ್ ತೆಗೆದುಕೊಳ್ಳಿ. 4 ಜಿಬಿಗೂ ಹೆಚ್ಚು ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಶುರುಮಾಡಬೇಡಿ. ರಿಸೆಟ್ ಆದ ಮೇಲೆ ಹಳೆಯ ನುಡಿ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಡತ ಕೆಟ್ಟಿಲ್ಲ, ಫಾಂಟ್ ಹೋಗಿದೆ ಅಷ್ಟೇ. ಮತ್ತೆ ಹಾಕಿದರೆ ಸರಿಹೋಗುತ್ತದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ರಿಸೆಟ್ ಮಾಡುವಿರಾದರೆ, ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದು ವಿಂಡೋಸ್ 11 ಹಿಡಿಯುವಂತಿದ್ದರೆ ಆಗಲೇ ಏರಿಸಿಕೊಳ್ಳಿ.

ಹೋಯಿತೆಂದು ತಿಳಿಯುವುದು ಹೇಗೆ

ಒಂದು ರೀಸ್ಟಾರ್ಟ್ ಸಾಲದು. ಕೆಲವು ಶೆಡ್ಯೂಲ್ ಟಾಸ್ಕುಗಳು ದಿನಕ್ಕೊಮ್ಮೆ ಮಾತ್ರ ಏಳುತ್ತವೆ. ಮರುದಿನ ಅದೇ ಹತ್ತು ನಿಮಿಷದ ಪರೀಕ್ಷೆ ಮಾಡಿ, ಆಟೋರನ್ಸ್‌ನಲ್ಲಿ ಟಿಕ್ ತೆಗೆದ ಸಾಲಿನ ಪಕ್ಕ ಹೊಸ ಸಾಲು ಹುಟ್ಟಿದೆಯೇ ನೋಡಿ. ಹುಟ್ಟಿದ್ದರೆ ಇನ್ನೊಬ್ಬ ಎಬ್ಬಿಸುವವನು ಉಳಿದಿದ್ದಾನೆ. ಹೊಸ ಸಾಲು ತೋರಿಸುವ ಫೋಲ್ಡರ್ ಯಾವುದು, ಆ ಫೈಲು ಹುಟ್ಟಿದ ಗಳಿಗೆ ಯಾವುದು ಎಂದು ನೋಡಿ, ಟಾಸ್ಕ್ ಶೆಡ್ಯೂಲರಿನ "ಲಾಸ್ಟ್ ರನ್ ಟೈಮ್" ಕಾಲಮ್‌ನಲ್ಲಿ ಅದೇ ಗಳಿಗೆಗೆ ಓಡಿದ ಟಾಸ್ಕ್ ಹುಡುಕಿ.

ಇಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಫೋನಿನಿಂದ ಬದಲಿಸಿ. ವಿಂಡೋಸ್ ಸೆಕ್ಯೂರಿಟಿಯ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ "ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್" ಆನ್ ಇರಲಿ. ಮಕ್ಕಳಿಗೂ ಹಿರಿಯರಿಗೂ ಸ್ಟ್ಯಾಂಡರ್ಡ್ ಬಗೆಯ ಬೇರೆ ಖಾತೆ ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರ ಬಳಿ ಇರಲಿ. ಸೆಟಪ್ ಫೈಲು ಆ ಪಾಸ್‌ವರ್ಡ್ ಕೇಳಿದಾಗ ಅವರು ಬಂದು ಪರದೆಯನ್ನು ಓದಿ, ಏನು ಒಳಬರುತ್ತಿದೆ ಎಂದು ನೋಡಿ, ಆಮೇಲೆ ಟೈಪ್ ಮಾಡಲಿ.